ಗಲ್ಫ್ ಉಳಿತಾಯ, ಯುಎಸ್‌ಡಿಟಿ ಮತ್ತು ಹನ್ನೆರಡು ಪದಗಳ ಚೀಟಿ

ಮಾನ್ಯ ಸಂಪಾದಕರೇ,

ಬಿಟ್‌ಕಾಯಿನ್ ಬೆಲೆ ಏರಿದರೆ ಒಂದು ಸುದ್ದಿ, ಬಿದ್ದರೆ ಇನ್ನೊಂದು ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಕೊಂಡದ್ದನ್ನು ಕಾಪಾಡಿಕೊಳ್ಳುವುದು ಹೇಗೆ ಎಂದು ಕನ್ನಡದಲ್ಲಿ ಹೇಳುವವರು ಕಡಿಮೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಗಲ್ಫ್‌ನಲ್ಲಿ ದುಡಿಯುವವರಿಲ್ಲದ ಊರಿಲ್ಲ. ಅವರಲ್ಲಿ ಕೆಲವರ ಫೋನಿನಲ್ಲಿ ಈಗ ಯುಎಸ್‌ಡಿಟಿ ಇದೆ, ಅಂದರೆ ಒಂದಕ್ಕೆ ಒಂದು ಡಾಲರ್ ಬೆಲೆಯನ್ನು ಉಳಿಸಿಕೊಳ್ಳುವ ಡಿಜಿಟಲ್ ನಾಣ್ಯ. ಇಂಥವನ್ನೂ ಬಿಟ್‌ಕಾಯಿನ್ನನ್ನೂ ಒಟ್ಟಾಗಿ ಕ್ರಿಪ್ಟೊ ಎನ್ನುತ್ತಾರೆ. ಕೊಳ್ಳಬೇಕೋ ಬೇಡವೋ ಎಂಬುದು ಅವರವರ ತೀರ್ಮಾನ. ಈಗಾಗಲೇ ಕೈಯಲ್ಲಿರುವವರು ಅದನ್ನು ಕಳೆದುಕೊಳ್ಳಬಾರದು ಎಂಬ ಕಳಕಳಿಯಿಂದ ಇಷ್ಟು ಬರೆಯುತ್ತಿದ್ದೇನೆ.

ಅರ್ಜೆಂಟೀನಾ, ವೆನೆಜುವೆಲಾ, ನೈಜೀರಿಯಾಗಳಲ್ಲಿ ಜನ ಕ್ರಿಪ್ಟೊದ ಮೊರೆ ಹೋದದ್ದು ತಮ್ಮ ದೇಶದ ದುಡ್ಡಿನ ಬೆಲೆ ಕರಗುತ್ತಿತ್ತು ಎಂಬ ಕಾರಣಕ್ಕೆ. ನೈಜೀರಿಯಾದ ಕೇಂದ್ರ ಬ್ಯಾಂಕು 2021ರ ಫೆಬ್ರವರಿಯಲ್ಲಿ ಕ್ರಿಪ್ಟೊ ವಹಿವಾಟಿನ ಖಾತೆಗಳನ್ನು ಮುಚ್ಚುವಂತೆ ಬ್ಯಾಂಕುಗಳಿಗೆ ಹೇಳಿದರೂ ಜನ ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಂಡರು. 2023ರ ಡಿಸೆಂಬರಿನಲ್ಲಿ ಆ ನಿರ್ಬಂಧವೇ ಹೋಯಿತು. ಎಲ್ ಸಾಲ್ವಡಾರ್ 2021ರ ಸೆಪ್ಟೆಂಬರಿನಲ್ಲಿ ಬಿಟ್‌ಕಾಯಿನ್‌ಗೆ ಅಧಿಕೃತ ಹಣದ ಮಾನ್ಯತೆ ಕೊಟ್ಟಿತು, 2025ರ ಜನವರಿಯಲ್ಲಿ ವ್ಯಾಪಾರಿಗಳು ಅದನ್ನು ಪಡೆಯಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟಿತು. ನಮ್ಮಲ್ಲಿ ಮೀನಿನ ಬುಟ್ಟಿಯ ಪಕ್ಕದಲ್ಲೂ ಯುಪಿಐ ಕ್ಯೂಆರ್ ಇದೆ. ದಿನದ ಖರ್ಚಿಗೆ ಕ್ರಿಪ್ಟೊ ಬೇಕಾಗಿಲ್ಲ. ಇಲ್ಲಿ ಅದು ಮನೆಗೆ ಬರುವುದು ಗಲ್ಫಿನ ಉಳಿತಾಯವಾಗಿ, ಆನ್‌ಲೈನ್ ಕೆಲಸದ ಸಂಬಳವಾಗಿ. ಹಾಗಾಗಿ ನಮ್ಮ ಮುಖ್ಯ ಪ್ರಶ್ನೆಗಳು ಎರಡು: ಇಡುವುದು ಎಲ್ಲಿ, ರೂಪಾಯಿ ಮಾಡಿಕೊಳ್ಳುವುದು ಹೇಗೆ.

ಎಕ್ಸ್‌ಚೇಂಜಿನ, ಅಂದರೆ ಕ್ರಿಪ್ಟೊ ಕೊಂಡು ಮಾರುವ ಕಂಪನಿಯ, ಆ್ಯಪ್‌ನಲ್ಲಿ ಬಿಟ್ಟರೆ ನಾಣ್ಯದ ಕೀಲಿ ಆ ಕಂಪನಿಯ ಕೈಯಲ್ಲಿರುತ್ತದೆ. 2024ರ ಜುಲೈಯಲ್ಲಿ ವಜೀರ್‌ಎಕ್ಸ್ ಎಂಬ ಭಾರತದ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯ ಕಳವಾದಾಗ, ಅಲ್ಲಿಟ್ಟಿದ್ದ ಗ್ರಾಹಕರು ತಮ್ಮ ಕ್ರಿಪ್ಟೊ ಹಿಂಪಡೆಯಲಾಗದೆ ಒಂದು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. ವಾರದೊಳಗೆ ಮಾರುವಷ್ಟನ್ನು ಮಾತ್ರ ಅಲ್ಲಿ ಇಡಿ. ಉಳಿದದ್ದು ನಿಮ್ಮದೇ ವ್ಯಾಲೆಟ್‌ಗೆ, ಅಂದರೆ ಕೀಲಿ ನಿಮ್ಮ ಕೈಯಲ್ಲೇ ಇರುವ ಡಿಜಿಟಲ್ ಪರ್ಸಿಗೆ, ಬರಲಿ. ಒಂದು ತಿಂಗಳ ಸಂಬಳದಷ್ಟು ಇದ್ದರೆ ಫೋನಿನ ವ್ಯಾಲೆಟ್ ಸಾಕು. ಅದಕ್ಕಿಂತ ತುಂಬಾ ಹೆಚ್ಚಿದ್ದರೆ ಹಾರ್ಡ್‌ವೇರ್ ವ್ಯಾಲೆಟ್‌ಗೆ (ಕೀಲಿಯನ್ನು ಫೋನಿನಿಂದ ಬೇರೆಯಾಗಿ ಇಡುವ ಪುಟ್ಟ ಸಾಧನ) ಕೆಲವು ಸಾವಿರ ರೂಪಾಯಿ ಖರ್ಚು ಮಾಡುವುದು ಲೇಸು. ಅದನ್ನು ತಯಾರಕರಿಂದ ಅಥವಾ ಅವರ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ. ಪೆಟ್ಟಿಗೆಯೊಳಗೆ, ವ್ಯಾಲೆಟ್ ಮರಳಿ ತೆರೆಯಲು ಬೇಕಾದ ಗುಪ್ತ ಪದಗಳು ಮೊದಲೇ ಮುದ್ರಿತವಾಗಿರುವ ಕಾರ್ಡು ಸಿಕ್ಕಿದರೆ ಆ ಸಾಧನ ಮೋಸದ್ದು. ಪದಗಳನ್ನು ಸಾಧನವೇ ನಿಮ್ಮೆದುರು ತನ್ನ ಪರದೆಯಲ್ಲಿ ತೋರಿಸಬೇಕು.

ಆ ಪದಗಳ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಹೊಸ ವ್ಯಾಲೆಟ್ ತೆರೆದಾಗ 12 ಅಥವಾ 24 ಇಂಗ್ಲಿಷ್ ಪದಗಳು ಬರುತ್ತವೆ. 2048 ಪದಗಳ ಒಂದು ನಿಗದಿತ ಪಟ್ಟಿಯಿಂದ ಆರಿಸಿದವು ಅವು. ಅವು ಯಾರ ಕೈಗೆ ಸಿಕ್ಕಿದರೂ ಹಣ ಅವರದು, ನಿಮ್ಮ ಫೋನ್ ಅವರಿಗೆ ಬೇಕಾಗಿಲ್ಲ. ಜಾಗದ ದಸ್ತಾವೇಜು ಕಳೆದುಹೋದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಸಿಗುತ್ತದೆ, ಇದಕ್ಕೆ ಅಂಥ ಕಚೇರಿ ಎಲ್ಲೂ ಇಲ್ಲ.

ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ, ಸ್ಪೆಲ್ಲಿಂಗ್ ನೋಡಿ, ಕ್ರಮಸಂಖ್ಯೆ ಹಾಕಿ ಬರೆಯಿರಿ. ಸುಲಭವೆಂದು ಕನ್ನಡ ಲಿಪಿಯಲ್ಲಿ ಬರೆದಿಟ್ಟವರಿಗೆ ಆಮೇಲೆ ಕಷ್ಟ. ಬಲಗಡೆ ಎಂಬ ಅರ್ಥದ ‘ರೈಟ್’, ಬರೆಯುವುದು ಎಂಬ ಅರ್ಥದ ‘ರೈಟ್’ ಎರಡೂ ಆ ಪಟ್ಟಿಯಲ್ಲಿವೆ; ಕನ್ನಡದಲ್ಲಿ ಬರೆದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಹನ್ನೆರಡರಲ್ಲಿ ಒಂದು ಪದ ತಪ್ಪಿದರೆ ವ್ಯಾಲೆಟ್ ಸಾಮಾನ್ಯವಾಗಿ ತೆರೆಯುವುದೇ ಇಲ್ಲ. ಆದರೆ ಸರಾಸರಿ ಹದಿನಾರರಲ್ಲಿ ಒಂದು ತಪ್ಪು ಜೋಡಣೆ ಸರಿಯೆಂದೇ ದಾಟಿ, ಬೇರೊಂದು ಖಾಲಿ ವ್ಯಾಲೆಟ್ ತೆರೆದುಕೊಳ್ಳುತ್ತದೆ. ಹಣ ಕಳವಾಯಿತೆಂದು ಮನೆಯವರು ಗಾಬರಿಯಾಗುವುದು ಆಗ. ಹಣ ಅಲ್ಲೇ ಇರುತ್ತದೆ, ತಪ್ಪಿದ್ದು ಪದ.

ಫೋಟೋ, ಸ್ಕ್ರೀನ್‌ಶಾಟ್, ವಾಟ್ಸ್‌ಆ್ಯಪ್‌ನಲ್ಲಿ ತನಗೆ ತಾನೇ ಕಳಿಸಿಕೊಂಡ ಮೆಸೇಜ್ ಯಾವುದೂ ಬೇಡ. ಗ್ಯಾಲರಿಯ ಚಿತ್ರಗಳೊಳಗಿನ ಅಕ್ಷರಗಳನ್ನು ಓದಿ ಕದಿಯುವ ಆ್ಯಪ್‌ಗಳು 2025ರಲ್ಲಿ ಅಧಿಕೃತ ಆ್ಯಪ್ ಸ್ಟೋರ್‌ಗಳಲ್ಲೇ ಪತ್ತೆಯಾಗಿವೆ. ಅಕ್ಷಯ ಕೇಂದ್ರದ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಅಥವಾ ಗೆಳೆಯರ ಕಂಪ್ಯೂಟರಿನಲ್ಲಿ ಈ ಪದಗಳನ್ನು ಒತ್ತಲೇಬೇಡಿ. ಟೆಲಿಗ್ರಾಮ್‌ನಲ್ಲಿ ‘ಸಪೋರ್ಟ್’ ಎಂದು ಬಂದು ಪದ ಕೇಳುವವರು ಎಲ್ಲರೂ ಕಳ್ಳರೇ. ನಿಜವಾದ ಕಂಪನಿಗೆ ಅವು ಬೇಡ.

ಕಾಗದಕ್ಕೆ ನಮ್ಮ ಹವೆ ಶತ್ರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರುವ ಮಳೆಯಲ್ಲಿ ಕಪಾಟಿನೊಳಗಿನ ಕಾಗದಕ್ಕೂ ಬೂಸು ಹಿಡಿಯುತ್ತದೆ, ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಒರಲೆ ಹತ್ತಿದರೆ ಚೀಟಿಯೇ ಉಳಿಯದು. ಎರಡು ಮಿಲಿಮೀಟರ್ ದಪ್ಪದ ಸ್ಟೈನ್‌ಲೆಸ್ ಸ್ಟೀಲ್ ತುಂಡೊಂದನ್ನೂ ಅಕ್ಷರ ಕೆತ್ತುವ ಪಂಚ್ ಸೆಟ್ಟನ್ನೂ ಹಾರ್ಡ್‌ವೇರ್ ಅಂಗಡಿಯಲ್ಲಿ ತನ್ನಿ. ಆ ಪಟ್ಟಿಯ ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರ ಒಂದೇ ಇಲ್ಲ, ಆದ್ದರಿಂದ ಪ್ರತಿ ಪದದ ನಾಲ್ಕೇ ಅಕ್ಷರ ಕೆತ್ತಿದರೆ ಸಾಕು. ಹನ್ನೆರಡು ಪದಕ್ಕೆ ಹೆಚ್ಚೆಂದರೆ 48 ಪೆಟ್ಟು, ಕ್ರಮಸಂಖ್ಯೆ ಬೇರೆ. ಈ ಕೆಲಸವನ್ನು ನೀವೇ ಮಾಡಿ, ವೆಲ್ಡಿಂಗ್ ಶಾಪಿಗೆ ಕೊಡಬೇಡಿ. ಇಂಥ ಎರಡು ತಗಡು ಮಾಡಿ ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಬೇರೆ ಊರಿನ ನಂಬಿಕಸ್ಥರಲ್ಲಿ ಅಥವಾ ಬ್ಯಾಂಕ್ ಲಾಕರಿನಲ್ಲಿ ಇಡಿ. ಆರು ಪದ ಇಲ್ಲಿ, ಆರು ಅಲ್ಲಿ ಎಂದು ಒಡೆದಿಡುವುದು ಜಾಣತನವೆಂದು ಕೆಲವರು ಭಾವಿಸುತ್ತಾರೆ. ಒಂದು ತುಂಡು ಹೋದರೆ ಎಲ್ಲವೂ ಹೋಯಿತು, ಒಂದು ತುಂಡು ಕಳ್ಳನಿಗೆ ಸಿಕ್ಕಿದರೆ ಅವನ ಕೆಲಸ ಹಗುರ.

ದೊಡ್ಡ ಮೊತ್ತ ಹಾಕುವ ಮುಂಚೆ ಪರೀಕ್ಷೆ ಮಾಡಿಕೊಳ್ಳಿ. ಐನೂರು ರೂಪಾಯಿಯಷ್ಟು ಹಾಕಿ, ವ್ಯಾಲೆಟ್ ಅಳಿಸಿ, ತಗಡು ನೋಡಿಕೊಂಡೇ ಪದಗಳನ್ನು ಮತ್ತೆ ಕೊಟ್ಟು ತೆರೆಯಿರಿ. ಅದೇ ವಿಳಾಸ, ಅದೇ ಮೊತ್ತ ಕಂಡರೆ ಮುಂದುವರಿಯಬಹುದು.

ಕಳಿಸುವಾಗ ನೆಟ್‌ವರ್ಕ್, ಅಂದರೆ ನಾಣ್ಯ ಸಾಗುವ ಜಾಲ ಯಾವುದೆಂದು ನೋಡಬೇಕು. ಯುಎಸ್‌ಡಿಟಿ ಟ್ರಾನ್, ಎಥೀರಿಯಂ, ಬಿಎನ್‌ಬಿ ಮುಂತಾದ ಹಲವು ನೆಟ್‌ವರ್ಕ್‌ಗಳಲ್ಲಿ ಓಡುತ್ತದೆ. ಟ್ರಾನ್ ವಿಳಾಸ ‘ಟಿ’ ಅಕ್ಷರದಿಂದ ಶುರುವಾಗುವುದರಿಂದ ಗುರುತು ಸಿಗುತ್ತದೆ. ಎಥೀರಿಯಂ ಮತ್ತು ಬಿಎನ್‌ಬಿ ವಿಳಾಸಗಳು ಎರಡೂ ಸೊನ್ನೆ-ಎಕ್ಸ್‌ನಿಂದ ಶುರುವಾಗುತ್ತವೆ, ಗೊಂದಲ ಅಲ್ಲೇ. ಪಡೆಯುವ ಎಕ್ಸ್‌ಚೇಂಜ್ ಆ ನೆಟ್‌ವರ್ಕನ್ನು ಒಪ್ಪದಿದ್ದರೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಟ್ರಾನ್‌ನಲ್ಲಿ ಕಳಿಸುವ ಶುಲ್ಕ ಟಿಆರ್‌ಎಕ್ಸ್ ನಾಣ್ಯದಲ್ಲಿ ಹೋಗುತ್ತದೆ. ಅದು ವ್ಯಾಲೆಟ್‌ನಲ್ಲಿ ಇಲ್ಲದಿದ್ದರೆ ಸಾವಿರ ಯುಎಸ್‌ಡಿಟಿ ಇದ್ದರೂ ಅಲುಗದು. ಹಳೆಯ ವ್ಯವಹಾರಗಳ ಪಟ್ಟಿಯಿಂದ ವಿಳಾಸ ನಕಲು ಮಾಡಲೂಬೇಡಿ. ಮೊದಲ ಮತ್ತು ಕೊನೆಯ ಅಕ್ಷರಗಳು ನಿಮ್ಮವರ ವಿಳಾಸದಂತೆಯೇ ಇರುವ ವಿಳಾಸ ಸೃಷ್ಟಿಸಿ, ಅದರಿಂದ ಚಿಲ್ಲರೆ ಕಳಿಸಿ, ಪಟ್ಟಿಯಲ್ಲಿ ಕೂರಿಸುವ ಕಳ್ಳರಿದ್ದಾರೆ. ನಡುವಿನ ಅಕ್ಷರಗಳನ್ನೂ ಓದಿ.

ಇನ್ನು ರೂಪಾಯಿ ಮಾಡುವುದು. ಪಿ2ಪಿಯಲ್ಲಿ, ಅಂದರೆ ವ್ಯಕ್ತಿಯಿಂದ ವ್ಯಕ್ತಿಗೆ ನೇರ ಮಾರಾಟದಲ್ಲಿ, ಅಪರಿಚಿತ ಕೊಳ್ಳುಗನಿಗೆ ಮಾರಿದಾಗ ನಿಮ್ಮ ಖಾತೆಗೆ ಬರುವ ದುಡ್ಡು ಎಲ್ಲಿಯದು ಎಂದು ನಿಮಗೆ ಗೊತ್ತಿರುವುದಿಲ್ಲ. ಬೇರೆ ರಾಜ್ಯದಲ್ಲಿ ಯಾರೋ ಮೋಸಹೋಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ಆ ಹಣ ಹರಿದುಹೋದ ಖಾತೆಗಳಿಗೆಲ್ಲ ತಡೆ ಬೀಳುತ್ತದೆ, ನಿಮ್ಮದಕ್ಕೂ. ಅಡಿಕೆಯ ಹಣ, ಅಮ್ಮನ ಪೆನ್ಶನ್, ಮಕ್ಕಳ ಫೀಸು ಎಲ್ಲ ಅದೇ ಖಾತೆಯಲ್ಲಿದ್ದರೆ ಮನೆಯೇ ನಿಂತುಬಿಡುತ್ತದೆ. ಆದಷ್ಟು ಭಾರತದ ಎಫ್‌ಐಯುನಲ್ಲಿ (ಅಕ್ರಮ ಹಣದ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಘಟಕ) ನೋಂದಾಯಿಸಿದ ಎಕ್ಸ್‌ಚೇಂಜಿಗೇ ನೇರವಾಗಿ ಮಾರಿ. ಪಿ2ಪಿ ಮಾಡಲೇಬೇಕಾದರೆ ಅದಕ್ಕೆಂದೇ ಬೇರೆ ಖಾತೆ ಇರಲಿ. ಹಣ ಕಳಿಸಿದವರ ಹೆಸರೂ ಆ್ಯಪ್‌ನಲ್ಲಿರುವ ಹೆಸರೂ ಒಂದೇ ಆಗಿರಬೇಕು; ಬೇರೆಯವರ ಖಾತೆಯಿಂದ ಬಂದರೆ ನಾಣ್ಯ ಬಿಡಬೇಡಿ, ದೂರು ಹಾಕಿ. ಸ್ಕ್ರೀನ್‌ಶಾಟನ್ನೋ ಎಸ್‌ಎಂಎಸ್ಸನ್ನೋ ನಂಬದೆ ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ಖಾತೆಗೆ ತಡೆ ಬಿದ್ದರೆ ಯಾವ ಠಾಣೆ, ದೂರಿನ ಸಂಖ್ಯೆ ಏನು, ಮೊತ್ತ ಎಷ್ಟು ಎಂದು ಬ್ಯಾಂಕಿನಿಂದ ಲಿಖಿತವಾಗಿ ಕೇಳಿ ಪಡೆಯಿರಿ. ತಡೆ ದೂರಿನಲ್ಲಿರುವ ಮೊತ್ತಕ್ಕಷ್ಟೇ ಸೀಮಿತವಾಗಿರಲಿ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಅದನ್ನು ಉಲ್ಲೇಖಿಸಿ ಅರ್ಜಿ ಕೊಡಬಹುದು.

ಕಾಲೇಜು ಮಕ್ಕಳ ತಂದೆತಾಯಿಗೆ ಒಂದು ಮಾತು. ಖಾತೆ, ಎಟಿಎಂ ಕಾರ್ಡು, ಸಿಮ್ ಕೊಟ್ಟರೆ ಕಮಿಷನ್ ಕೊಡುತ್ತೇವೆ ಎನ್ನುವವರು ಕದ್ದ ಹಣವನ್ನು ಯುಎಸ್‌ಡಿಟಿ ಮಾಡಲು ಆ ಖಾತೆಗಳನ್ನು ಬಳಸುತ್ತಾರೆ. ಪೊಲೀಸರು ಮೊದಲು ಬರುವುದು ಖಾತೆಯ ಹೆಸರಿನವರ ಮನೆಗೆ. ಹಾಗೆಯೇ ಗಲ್ಫಿನಲ್ಲಿ ಯುಎಸ್‌ಡಿಟಿ ಕೊಟ್ಟು ಇಲ್ಲಿ ಏಜೆಂಟನಿಂದ ನಗದು ಪಡೆಯುವುದು ಹವಾಲಾದ ದಾರಿ. ಮನೆಖರ್ಚಿನ ಹಣಕ್ಕೆ ಬ್ಯಾಂಕು, ಎಕ್ಸ್‌ಚೇಂಜ್ ಹೌಸ್ ಇವೆ.

ತೆರಿಗೆ ಸರಳ, ಆದರೆ ಕಠಿಣ. 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇ. 30, ಮೇಲೆ ಶೇ. 4 ಸೆಸ್. ಲಕ್ಷಕ್ಕೆ ಕೊಂಡು 1.40 ಲಕ್ಷಕ್ಕೆ ಮಾರಿದರೆ 12,480 ರೂಪಾಯಿ. ಇನ್ನೊಂದು ನಾಣ್ಯದಲ್ಲಿ ಕಳೆದುಕೊಂಡದ್ದನ್ನು ಇದರಲ್ಲಿ ಕಳೆಯುವಂತಿಲ್ಲ. ಮಾರುವಾಗ ಶೇ. 1 ಟಿಡಿಎಸ್ ಕಡಿತವಾದರೆ ಅದನ್ನು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಕೊಂಡ ದಿನ, ಬೆಲೆ ಬರೆದಿಡಿ.

ಗಲ್ಫಿನಲ್ಲಿರುವವರಿಗೆ ಇನ್ನೊಂದು ಅಪಾಯ ಊರಿನ ಸಿಮ್. 90 ದಿನ ಬಳಸದಿದ್ದರೆ ಕಂಪನಿ ಆ ಸಂಖ್ಯೆಯನ್ನು ನಿಲ್ಲಿಸಬಹುದು, ಮುಂದೆ ಬೇರೊಬ್ಬರಿಗೆ ಕೊಡಲೂಬಹುದು. ಎಕ್ಸ್‌ಚೇಂಜಿನ ಒಟಿಪಿ ಅವರಿಗೆ ಹೋಗುತ್ತದೆ. ಎಸ್‌ಎಂಎಸ್ ಬದಲು ಒಟಿಪಿಯನ್ನು ಫೋನಿನಲ್ಲೇ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿ, ಅದರ ಬ್ಯಾಕಪ್ ಕೋಡನ್ನು ಕಾಗದದಲ್ಲಿ ಬರೆದಿಡಿ, ಸಿಮ್ ರೀಚಾರ್ಜ್ ಮಾಡುತ್ತಿರಿ. ಸ್ವಂತ ವ್ಯಾಲೆಟ್‌ಗೆ ನಾಮಿನಿ ಇಲ್ಲ ಎಂಬುದೂ ನೆನಪಿರಲಿ. ತಗಡು ಎಲ್ಲಿದೆ, ಏತಕ್ಕೆ, ಯಾವ ಆ್ಯಪ್‌ನಲ್ಲಿ ತೆರೆಯಬೇಕು ಎಂಬುದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಬೇಕು.

ಸೈಬರ್ ಪೊಲೀಸರ ಎಚ್ಚರಿಕೆಗಳು ನಮ್ಮಲ್ಲಿಗೆ ಹೆಚ್ಚಾಗಿ ಮಲಯಾಳದಲ್ಲಿ ಬರುತ್ತವೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಪಂಚಾಯತು, ಸಹಕಾರಿ ಬ್ಯಾಂಕು, ಅಕ್ಷಯ ಕೇಂದ್ರಗಳಲ್ಲಿ ಇವು ಕನ್ನಡದಲ್ಲೂ ಇರಬೇಕು, 1930 ಸಂಖ್ಯೆ ದೊಡ್ಡದಾಗಿ ಕಾಣಬೇಕು ಎಂದು ಜಿಲ್ಲಾಡಳಿತವನ್ನು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ಓದುಗ, ಬದಿಯಡ್ಕ