ರೆಡ್‌ವುಡ್ ಕಾಡಿಗೆ ಡಿಸೆಂಬರ್‌ನಲ್ಲಿ: ಮಳೆಗಲ್ಲ, ಗಾಳಿಗೆ ಹೆದರಿ

ಮಾನ್ಯರೇ,

ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯ ರೆಡ್‌ವುಡ್ ಕಾಡಿನ ಬಗ್ಗೆ ನಿಮ್ಮ ಪ್ರವಾಸ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಅದರಲ್ಲಿರುವುದೆಲ್ಲ ಬೇಸಿಗೆಯ ಮಾಹಿತಿ. ‘ಚಳಿಗಾಲದಲ್ಲಿ ವಿಪರೀತ ಮಳೆ, ಹೋಗದಿರುವುದೇ ಲೇಸು’ ಎಂಬ ಒಂದು ಸಾಲಿಗೆ ಉಳಿದ ಅರ್ಧ ವರ್ಷ ಮುಗಿದುಹೋಗಿದೆ. ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗುವ ನಮ್ಮ ಎಷ್ಟೋ ಓದುಗರಿಗೆ ಸಿಗುವುದೇ ಡಿಸೆಂಬರ್ ರಜೆ. ಅವರು ಹೇಗೂ ಹೋಗಿಯೇ ಹೋಗುತ್ತಾರೆ. ಬೇಸಿಗೆಯ ಮಾಹಿತಿ ಹಿಡಿದು ಹೋದರೆ ಒದ್ದಾಡುತ್ತಾರೆ.

ಇದು ಒಂದೇ ಉದ್ಯಾನವಲ್ಲ. 1968ರಲ್ಲಿ ಆದ ರಾಷ್ಟ್ರೀಯ ಉದ್ಯಾನ ಒಂದು. ಪ್ರೇರಿ ಕ್ರೀಕ್, ಡೆಲ್ ನಾರ್ಟ್ ಕೋಸ್ಟ್, ಜೆಡಡಾಯಾ ಸ್ಮಿತ್ ಎಂಬ ರಾಜ್ಯ ಉದ್ಯಾನಗಳು ಮೂರು. 1994ರಿಂದ ನಾಲ್ಕರ ಆಡಳಿತವೂ ಜಂಟಿಯಾಗಿದೆ. 101ನೇ ಹೆದ್ದಾರಿ ಇವುಗಳ ನಡುವೆಯೇ ಹಾದುಹೋಗುತ್ತದೆ. ದಕ್ಷಿಣದ ಬಾಗಿಲಿನಂತಿರುವ ಓರಿಕ್ ಊರು ಸ್ಯಾನ್ ಫ್ರಾನ್ಸಿಸ್ಕೊದಿಂದ ಸುಮಾರು 500 ಕಿ.ಮೀ. ವರ್ಷಕ್ಕೆ 1,500ರಿಂದ 2,000 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಅಕ್ಟೋಬರ್‌ನಿಂದ ಏಪ್ರಿಲ್‌ ಒಳಗೆ. ಮಲೆನಾಡಿನವರು ‘ಇಷ್ಟೇನಾ’ ಎಂದು ನಕ್ಕಾರು. ಎಡವುವುದು ಅಲ್ಲೇ. ನಮ್ಮದು ಬೆಚ್ಚಗಿನ ಮಳೆ, ನೆನೆದರೆ ತಲೆ ಒರೆಸಿಕೊಂಡು ಕಾಫಿ ಕುಡಿದರೆ ಸಾಕು. ಅಲ್ಲಿ ಐದರಿಂದ ಹತ್ತು ಡಿಗ್ರಿ ಚಳಿಯಲ್ಲಿ ಬೀಳುವ ಮಳೆ, ನೆನೆದರೆ ಮೈಯ ಕಾವೇ ಇಳಿಯುತ್ತದೆ.

ಹಾಗಾಗಿ ಹತ್ತಿ ಬನಿಯನ್, ಜೀನ್ಸ್ ಎರಡೂ ಬೇಡ. ಒದ್ದೆಯಾದ ಜೀನ್ಸ್ ಭಾರವಾಗಿ ತೊಡೆಗೆ ಅಂಟಿಕೊಂಡು ಗಂಟೆಗಟ್ಟಲೆ ಆರುವುದಿಲ್ಲ. ಮೈಗೆ ತಾಗುವಂತೆ ಉಣ್ಣೆ ಅಥವಾ ಪಾಲಿಯೆಸ್ಟರ್, ಮೇಲೊಂದು ಫ್ಲೀಸ್ (ಮೆತ್ತನೆಯ ಬೆಚ್ಚಗಿನ ಮೇಲಂಗಿ), ಹೊರಗೆ ಟೋಪಿಯಿರುವ ಮಳೆಕೋಟು, ಜೊತೆಗೆ ಮಳೆಪ್ಯಾಂಟು. ಹೆಚ್ಚಿನವರು ಈ ಕೊನೆಯದನ್ನು ಬಿಡುತ್ತಾರೆ. ಆಗ ಕೋಟಿನ ಮೇಲಿಂದ ಇಳಿದ ನೀರೆಲ್ಲ ತೊಡೆಗೆ, ಅಲ್ಲಿಂದ ಕಾಲುಚೀಲಕ್ಕೆ, ಕೊನೆಗೆ ಬೂಟಿನೊಳಕ್ಕೆ. ಬೂಟು ಎಷ್ಟೇ ಜಲನಿರೋಧಕವಾಗಿದ್ದರೂ ಮೇಲಿನಿಂದ ತುಂಬುವ ನೀರಿಗೆ ಏನು ಮಾಡೀತು? ಹಳೆಯ ಮಳೆಕೋಟಿನ ಮೇಲೆ ನೀರು ಮಣಿಯಂತೆ ಉರುಳದೆ ಬಟ್ಟೆಗೇ ಇಂಗುತ್ತಿದ್ದರೆ ಅದರ ಹೊರಲೇಪ ಸವೆದಿದೆ ಎಂದರ್ಥ. ಹೊರಬಟ್ಟೆ ನೆನೆದಾಗ ಒಳಗಿನ ಬೆವರಿಗೆ ಹೊರಹೋಗಲು ದಾರಿಯಿಲ್ಲ. ಆ ಬೆವರಿಗೇ ಒಳಗೆ ಒದ್ದೆಯಾದಾಗ ಕೋಟು ಸೋರುತ್ತಿದೆ ಎಂದು ನಾವು ತಿಳಿಯುತ್ತೇವೆ. ಹೊರಡುವ ಮೊದಲೇ ಬಕೆಟ್ ನೀರು ಸುರಿದು ನೋಡಿ, ಅಗತ್ಯವಿದ್ದರೆ ಲೇಪದ ಸ್ಪ್ರೇ ಹೊಡೆಯಿರಿ. ಛತ್ರಿ ಮರಗಳ ನಡುವೆ ನಡೆದೀತು, ಕಡಲತೀರದಲ್ಲಿ ಮಗುಚಿಕೊಳ್ಳುತ್ತದೆ.

ಕಾರಿನಲ್ಲಿ ಪ್ರತಿಯೊಬ್ಬರಿಗೂ ಒಂದು ಜೊತೆ ಒಣಬಟ್ಟೆ, ಎರಡು ಜೊತೆ ಕಾಲುಚೀಲ ಇರಲೇಬೇಕು. ವಯಸ್ಸಾದವರಲ್ಲಿ ನಡುಕ, ಜಿಪ್ ಎಳೆಯಲಾಗದಷ್ಟು ಬೆರಳು ಮರಗಟ್ಟುವುದು, ತೊದಲು ಕಂಡರೆ ತಕ್ಷಣ ಹಿಂದಿರುಗಿ. ಮೊದಲು ಒದ್ದೆ ಬಟ್ಟೆ ತೆಗೆಯಿರಿ, ಆಮೇಲೆ ಕಂಬಳಿ, ಹೀಟರ್. ಒದ್ದೆ ಬಟ್ಟೆಯ ಮೇಲೆಯೇ ಕಂಬಳಿ ಹೊದಿಸುವುದು ಎಲ್ಲರೂ ಮಾಡುವ ತಪ್ಪು.

ಇನ್ನು ಗಾಳಿ. ನೂರು ಮೀಟರ್ ದಾಟಿ ಬೆಳೆಯುವ ಈ ಮರಗಳಿಗೆ ತಾಯಿಬೇರಿಲ್ಲ. ಬೇರುಗಳು ನಾಲ್ಕು ಮೀಟರ್ ಆಳಕ್ಕೂ ಇಳಿಯದೆ, ಪಕ್ಕಕ್ಕೆ 30 ಮೀಟರ್‌ವರೆಗೆ ಹರಡಿ ನೆರೆಮರದ ಬೇರುಗಳೊಂದಿಗೆ ಹೆಣೆದುಕೊಂಡಿರುತ್ತವೆ. ವಾರಗಟ್ಟಲೆ ಮಳೆ ಕುಡಿದು ಮಣ್ಣು ಸಡಿಲವಾದ ಮೇಲೆ ಬಿರುಗಾಳಿ ಬಂದರೆ ಮರವೇ ಉರುಳಬಹುದು. ಅದಕ್ಕಿಂತ ಹೆಚ್ಚಾಗಿ, ಮೇಲೆಲ್ಲೋ ಸಿಕ್ಕಿಕೊಂಡಿದ್ದ ಒಣಕೊಂಬೆ ಸದ್ದಿಲ್ಲದೆ ಬೀಳುತ್ತದೆ. ಹವಾಮಾನ ಇಲಾಖೆಯ ಯುರೇಕಾ ಕಚೇರಿ ಜೋರುಗಾಳಿಯ ಎಚ್ಚರಿಕೆ ಕೊಟ್ಟ ದಿನ ಹಳೆಯ ಮರಗಳ ಕೆಳಗೆ ಹೋಗಲೇಬಾರದು. ಗಾಳಿಯಿಲ್ಲದೆ ಸೋನೆ ಹಿಡಿದ ದಿನವೋ, ಈ ಕಾಡಿಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಬೇಸಿಗೆಯಲ್ಲಿ ಬೂದಿಬಣ್ಣಕ್ಕೆ ತಿರುಗಿರುವ ತೊಗಟೆ ನೆನೆದು ಕಡುಕೆಂಪಾಗಿರುತ್ತದೆ. ನೆಲದ ತುಂಬ ನಮ್ಮ ಹುಳಿಸೊಪ್ಪಿನ ದಾಯಾದಿಯಾದ ರೆಡ್‌ವುಡ್ ಸಾರೆಲ್, ಮೂರು ಮೂರು ಎಲೆ, ಪ್ರತಿ ಎಲೆಯ ಮೇಲೂ ಹನಿ. ಅದರ ನಡುವೆ ಬನಾನಾ ಸ್ಲಗ್ ಎಂಬ, ಚಿಪ್ಪಿಲ್ಲದ ಗೇಣುದ್ದದ ಹಳದಿ ಬಸವನಹುಳು ತೆವಳುತ್ತಿರುತ್ತದೆ, ಹೆಜ್ಜೆ ನೋಡಿ ಇಡಿ.

ಬೆಳಕಿನ ಲೆಕ್ಕ ಬೇರೆಯೇ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಸಂಜೆ ಐದರೊಳಗೆ ಮುಳುಗುತ್ತಾನೆ; ಮರಗಳಡಿ ನಾಲ್ಕಕ್ಕೇ ಮಬ್ಬು. ಮಧ್ಯಾಹ್ನ ಎರಡು ಗಂಟೆಯ ಮೇಲೆ ಹೊಸ ಕಾಲುದಾರಿ ಹಿಡಿಯಬೇಡಿ. ತಲೆಗೆ ಕಟ್ಟುವ ಟಾರ್ಚ್ ಚೀಲದಲ್ಲಿರಲಿ. ಫೋನಿನ ಟಾರ್ಚ್ ನಂಬಬೇಡಿ, ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ.

ಎಲ್ಲರೂ ಕೇಳುವುದು ಫರ್ನ್ ಕ್ಯಾನ್ಯನ್ ಎಂಬ ಕಣಿವೆಯ ಬಗ್ಗೆ. ಎರಡೂ ಬದಿಗೆ ಸುಮಾರು 15 ಮೀಟರ್ ಎತ್ತರದ ಗೋಡೆ, ಗೋಡೆ ತುಂಬ ಜರಿಗಿಡ. ಬೇಸಿಗೆಯ ತಿಂಗಳುಗಳಲ್ಲಿ ಕಾರಿಗೆ ಮುಂಗಡ ಪರವಾನಗಿ ಬೇಕು, ಚಳಿಗಾಲಕ್ಕೆ ಬೇಡ. ಇಷ್ಟು ಓದಿ ಹಿಗ್ಗುವವರು ಗಮನಿಸಬೇಕಾದ್ದು: ಬೇಸಿಗೆಯಲ್ಲಿ ತೊರೆಗೆ ಅಡ್ಡ ಹಾಕಿರುವ ಹಲಗೆಗಳನ್ನು ಚಳಿಗಾಲಕ್ಕೆ ತೆಗೆದುಬಿಡುತ್ತಾರೆ. ಆಗ ಕಣಿವೆಯ ದಾರಿ ಎಂದರೆ ತೊರೆಯೇ. ಮೊಣಕಾಲಿನವರೆಗಿನ ರಬ್ಬರ್ ಬೂಟು, ಊರಲು ಕೋಲು ಬೇಕು. ನೀರು ಕೆಂಪಗಾಗಿ ತಳದ ಕಲ್ಲು ಕಾಣದಿದ್ದರೆ ಇಳಿಯಬೇಡಿ. ಅಲ್ಲಿಗೆ ಹೋಗುವ ಡೇವಿಸನ್ ರಸ್ತೆ ಡಾಂಬರಿಲ್ಲದ್ದು, ಕೊನೆಯಲ್ಲಿ ತೊರೆಗಳನ್ನು ಕಾರಿನಲ್ಲೇ ದಾಟಬೇಕು. ಜೋರು ಮಳೆಯ ಮರುದಿನ ಸಣ್ಣ ಕಾರಿಗೆ ಅದು ಸಾಧ್ಯವಿಲ್ಲ, ಎಷ್ಟೋ ಸಲ ರಸ್ತೆಯೇ ಮುಚ್ಚಿರುತ್ತದೆ. ಬಾಡಿಗೆ ಕಾರಿನವರು ಕರಾರನ್ನು ಓದಿಕೊಳ್ಳಿ. ಕಚ್ಚಾರಸ್ತೆಯಲ್ಲಿ ಆದ ಹಾನಿ ಹೆಚ್ಚಾಗಿ ನಿಮ್ಮ ತಲೆಗೇ ಬರುತ್ತದೆ. ಜೆಡಡಾಯಾ ಸ್ಮಿತ್ ಕ್ಯಾಂಪಿನಿಂದ ಸ್ಮಿತ್ ನದಿ ದಾಟಿ ಸ್ಟೌಟ್ ಗ್ರೋವ್ ಎಂಬ ಹೆಮ್ಮರಗಳ ತೋಪಿಗೆ ಹೋಗುವ ಕಾಲುಸೇತುವೆಯೂ ಬೇಸಿಗೆಗೆ ಮಾತ್ರ. ಚಳಿಗಾಲದಲ್ಲಿ ಹೌಲಂಡ್ ಹಿಲ್ ರಸ್ತೆ ಸುತ್ತಿಯೇ ಹೋಗಬೇಕು.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ನ್ಯೂಟನ್ ಬಿ. ಡ್ರೂರಿ ರಸ್ತೆ ಇದೆ. 16 ಕಿ.ಮೀ. ಡಾಂಬರು, ಇಕ್ಕೆಲದಲ್ಲೂ ದೊಡ್ಡ ಮರಗಳು, ಅಲ್ಲಲ್ಲಿ ಕಾರು ನಿಲ್ಲಿಸಿ ಹತ್ತು ನಿಮಿಷ ನಡೆಯಬಹುದಾದ ದಾರಿಗಳು. ಮಂಡಿನೋವಿರುವ ಹಿರಿಯರಿಗೆ ಇದೇ ಸರಿ. ವೈಪರ್ ಸತತವಾಗಿ ಓಡುತ್ತಿದ್ದರೆ ಹೆಡ್‌ಲೈಟ್ ಹಾಕಿರಬೇಕು, ಅದು ಕ್ಯಾಲಿಫೋರ್ನಿಯಾದ ಕಾನೂನು. ದ್ವಿಪಥ ರಸ್ತೆಯಲ್ಲಿ ನಿಧಾನ ಹೋಗುವಾಗ ಹಿಂದೆ ಐದು ವಾಹನ ಸೇರಿದರೆ ಪಕ್ಕದ ತಂಗುಜಾಗಕ್ಕೆ ಸರಿದು ದಾರಿ ಕೊಡುವುದೂ ಕಾನೂನೇ.

ಕಡಲತೀರ ಚಳಿಗಾಲದಲ್ಲಿ ಕಾಡಿಗಿಂತ ಅಪಾಯಕಾರಿ. ಹತ್ತಿಪ್ಪತ್ತು ನಿಮಿಷ ಸಾಧಾರಣ ಅಲೆಗಳು ಬಂದು, ಇದ್ದಕ್ಕಿದ್ದಂತೆ ಒಂದು ಅಲೆ ಹತ್ತಾರು ಮೀಟರ್ ಒಳಗೆ ನುಗ್ಗುತ್ತದೆ. ದಡದಲ್ಲಿ ಬಿದ್ದಿರುವ ಮರದ ದಿಮ್ಮಿಗಳ ಮೇಲೆ ಮಕ್ಕಳನ್ನು ಹತ್ತಿಸಿ ಫೋಟೊ ತೆಗೆಯುವ ಚಟ ನಮ್ಮವರಿಗಿದೆ. ಟನ್‌ಗಟ್ಟಲೆ ತೂಗುವ ಆ ದಿಮ್ಮಿ ಅರ್ಧ ಅಡಿ ನೀರು ಬಂದರೂ ತೇಲಿ ಹೊರಳುತ್ತದೆ, ಕೆಳಗಿದ್ದವರನ್ನು ಅರೆಯುತ್ತದೆ. ಮರಳಿಗೆ ಇಳಿಯುವ ಮೊದಲು ಇಪ್ಪತ್ತು ನಿಮಿಷ ಎತ್ತರದಲ್ಲಿ ನಿಂತು ಅಲೆ ನೋಡಿ. ನೆಲ ನಡುಗಿದರೆ ಸೈರನ್‌ಗೆ ಕಾಯದೆ ಗುಡ್ಡ ಹತ್ತಿ. 1964ರಲ್ಲಿ ಸುನಾಮಿ ಇಲ್ಲಿನ ಕರಾವಳಿಯ ಊರಾದ ಕ್ರೆಸೆಂಟ್ ಸಿಟಿಯ ಪೇಟೆಯನ್ನೇ ಕೊಚ್ಚಿದ್ದು. ಡಿಸೆಂಬರ್, ಜನವರಿಯಲ್ಲಿ ದಕ್ಷಿಣಕ್ಕೆ ಹೋಗುವ ಬೂದು ತಿಮಿಂಗಿಲಗಳನ್ನು ನೋಡಲು ಕ್ಲಾಮತ್ ನದಿಮುಖದ ಮೇಲಿನ ವೀಕ್ಷಣಾಸ್ಥಳವೇ ಸಾಕು.

ಉಂಬಳದ ಭಯ ಅಲ್ಲಿಲ್ಲ. ಆದರೆ ಲೈಮ್ ಕಾಯಿಲೆ ಹರಡುವ, ರಕ್ತ ಹೀರುವ ಉಣುಗು ಚಳಿಗಾಲದಲ್ಲೂ ಚುರುಕು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಎಲ್ಕ್ ಎಂಬ ದೊಡ್ಡ ಜಿಂಕೆಗಳಿಂದ 75 ಅಡಿ ದೂರವಿರುವುದು ನಿಯಮ.

ಕೊನೆಯದಾಗಿ ಕೆಸರು. ದಾರಿಯಲ್ಲಿ ನೀರು ನಿಂತಿದ್ದರೆ ಬಳಸಿ ಹೋಗುವುದು ನಮ್ಮ ಅಭ್ಯಾಸ. ಹತ್ತು ಜನ ಬಳಸಿದರೆ ಜರಿಗಿಡ ಸಾಯುತ್ತದೆ, ನೂರು ಜನ ಬಳಸಿದರೆ ದಾರಿ ಎರಡರಷ್ಟು ಅಗಲವಾಗುತ್ತದೆ. ಒದ್ದೆ ಮಣ್ಣು ಒಣಮಣ್ಣಿಗಿಂತ ಬೇಗ ಗಟ್ಟಿಯಾಗಿ ಅಮುಕಿಕೊಳ್ಳುವುದರಿಂದ ಮೇಲ್ಪದರದಲ್ಲೇ ಇರುವ ಬೇರಿಗೆ ಗಾಳಿ ನೀರು ಎರಡೂ ಸಿಗುವುದಿಲ್ಲ. ಬೂಟು ಹಾಕಿರುವುದೇ ಕೆಸರಲ್ಲಿ ನಡೆಯಲು, ನಡುವೆಯೇ ನಡೆಯಿರಿ.

ಮುಂದೆ ಇಂಥ ಲೇಖನ ಪ್ರಕಟಿಸುವಾಗ ಹೊರಡುವ ಬೆಳಿಗ್ಗೆ ನೋಡಬೇಕಾದ ನಾಲ್ಕು ಸಂಗತಿಗಳನ್ನು ಒಂದು ಚೌಕದಲ್ಲಿ ಹಾಕಿ: ರಾಷ್ಟ್ರೀಯ ಉದ್ಯಾನದ ಜಾಲತಾಣದಲ್ಲಿನ ಮುಚ್ಚಿದ ದಾರಿಗಳ ಪಟ್ಟಿ, 101ರಲ್ಲಿ ಭೂಕುಸಿತವಿದೆಯೇ ಎಂದು ತಿಳಿಸುವ ಕ್ಯಾಲ್‌ಟ್ರಾನ್ಸ್‌ನ (ರಾಜ್ಯದ ಸಾರಿಗೆ ಇಲಾಖೆ) ಕ್ವಿಕ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆ, ಗಾಳಿಯ ಮುನ್ಸೂಚನೆ, ಉಬ್ಬರವಿಳಿತದ ವೇಳೆ. ನಾಲ್ಕನ್ನೂ ಹೋಟೆಲಿನಲ್ಲಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವಂತೆ ತಿಳಿಸಿ. ಕಾಡಿನ ಬಹುಪಾಲು ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ.

ಇಂತಿ,
ನಿಮ್ಮ ಓದುಗ