ಅಹಮದಾಬಾದಿಗೆ ಸಿಕ್ಕಿತು, ಅಪ್ಪಯ್ಯ

ಗ್ಲಾಸ್ಗೋ
27 ನವೆಂಬರ್ 2025

ಅಪ್ಪಯ್ಯ, ಅಮ್ಮ,

ನಾನು ಆರಾಮ. ಇಲ್ಲಿ ಚಳಿ ಜೋರಾಗಿದೆ, ಸಂಜೆ ನಾಲ್ಕಕ್ಕೇ ಕತ್ತಲೆ.

2030ರ ಕಾಮನ್‌ವೆಲ್ತ್ ಗೇಮ್ಸ್ ಅಹಮದಾಬಾದಿಗೆ ಸಿಕ್ಕಿದ್ದು ಟಿವಿಯಲ್ಲಿ ನೋಡಿರುತ್ತೀರಿ, ಅಲ್ವಾ? ಅದು ತೀರ್ಮಾನವಾದದ್ದು ನಾನಿರುವ ಈ ಊರಲ್ಲೇ, ನಿನ್ನೆ. ನೈಜೀರಿಯಾದ ಅಬುಜಾ ಕೂಡ ಕೇಳಿತ್ತು. ನಮ್ಮ ಹೆಸರು ಹೇಳಿದ ಕೂಡಲೇ ಸಭೆಯೊಳಗೇ ಡೋಲು, ಗರ್ಬಾ ಶುರುವಾಯಿತಂತೆ. ಕೆಲಸದ ನಡುವೆ ಫೋನಿನಲ್ಲಿ ಸುದ್ದಿ ನೋಡಿ ನನಗೆ ಕಣ್ಣು ತುಂಬಿ ಬಂತು. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಶುರುವಾದದ್ದು ನೂರನೇ ವರ್ಷಕ್ಕೆ ನಮ್ಮಲ್ಲಿಗೆ ಬರುತ್ತಿದೆ.

ತಕ್ಷಣ ನೆನಪಾದದ್ದು 2018ರ ಆ ಬೆಳಿಗ್ಗೆ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಕೊನೆಯ ಸಲ 138 ಕೆಜಿ ಎತ್ತಿ ಬೆಳ್ಳಿ ಗೆದ್ದರಲ್ಲ, ಆ ಸಲ ಭಾರತಕ್ಕೆ ಮೊದಲ ಪದಕ ಅದೇ. ಅಮ್ಮ ಕಾವಲಿ ಮೇಲೆ ದೋಸೆ ಬಿಟ್ಟು ಟಿವಿ ಹತ್ರ ಓಡಿ ಬಂದದ್ದು, ದೋಸೆ ಕರಟಿ ಮನೆಯೆಲ್ಲ ಹೊಗೆಯಾದರೂ ಯಾರೂ ಏಳದೇ ಕೂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. "ಡ್ರೈವರನ ಮಗ ಮಾರಾಯ" ಎಂದು ಅಪ್ಪಯ್ಯ ಸಿಕ್ಕವರಿಗೆಲ್ಲ ಹೇಳಿದಿರಿ. 2030ರಲ್ಲೂ ವೇಟ್‌ಲಿಫ್ಟಿಂಗ್ ಇದೆ.

ಆದರೆ ಗೇಮ್ಸ್ ಸಿಕ್ಕಿದರೆ ಸಾಲದು, ಅಪ್ಪಯ್ಯ. ಇಲ್ಲಿ 2014ರಲ್ಲಿ ನಡೆದಿತ್ತು. ನಾನು ಶನಿವಾರ ಹೋಗುವ ಟೋಲ್‌ಕ್ರಾಸ್ ಈಜುಕೊಳದಲ್ಲೇ ಆಗ ಸ್ಪರ್ಧೆ ಆದದ್ದು. ಈಗ ಅದೇ ನೀರಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನೀಲಿ ಟೋಪಿ ಹಾಕಿಕೊಂಡು ನಿಧಾನಕ್ಕೆ ಈಜುತ್ತಾರೆ, ಆಚೆ ತುದಿಯಲ್ಲಿ ಶಾಲೆ ಮಕ್ಕಳು ಹಲಗೆ ಹಿಡಿದು ಕಾಲು ಬಡಿಯುತ್ತಿರುತ್ತಾರೆ. ಆಟಗಾರರಿಗೆ ಕಟ್ಟಿದ 700 ಮನೆಗಳಲ್ಲಿ ಸಂಸಾರಗಳಿವೆ. ಖರ್ಚು ಜಾಸ್ತಿ ಎಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಕೈಬಿಟ್ಟ 2026ರ ಗೇಮ್ಸನ್ನೂ ಈ ಊರೇ ವಹಿಸಿಕೊಂಡಿದೆ, ಇರುವ ಜಾಗಗಳಲ್ಲೇ ಹತ್ತು ಆಟ. ಹಾಕಿ, ಬ್ಯಾಡ್ಮಿಂಟನ್, ಕುಸ್ತಿ ಇಲ್ಲ, ಅದೊಂದು ಬೇಜಾರು. ಅಹಮದಾಬಾದಿನಲ್ಲಿ 15ರಿಂದ 17 ಆಟ ಇರುತ್ತವಂತೆ. ಅಲ್ಲಿ ಕಟ್ಟುವುದಕ್ಕೆಲ್ಲ ಗೇಮ್ಸ್ ಮುಗಿದ ಮೇಲೆ ಬೀಗ ಬೀಳಬಾರದು, ಊರಿನ ಮಕ್ಕಳಿಗೆ ಸಿಗಬೇಕು.

ತಂಗಿಗೆ ಒಂದು ಮಾತು ಹೇಳಿ. ಹತ್ತನೇ ಕ್ಲಾಸು ಬಂತು ಎಂದು ಪುಟ್ಟಿಯ ಓಟ ನಿಲ್ಲಿಸುವುದು ಬೇಡ, ಅಜ್ಜರಕಾಡು ಮೈದಾನಕ್ಕೆ ಕಳಿಸುತ್ತಲೇ ಇರಲಿ. 2010ರಲ್ಲಿ ದಿಲ್ಲಿಯಲ್ಲಿ ರಿಲೇ ಚಿನ್ನ ಗೆದ್ದ ಅಶ್ವಿನಿ ಅಕ್ಕುಂಜಿ ನಮ್ಮ ಸಿದ್ದಾಪುರದವರೇ ಅಲ್ವಾ? 2030ಕ್ಕೆ ಪುಟ್ಟಿಗೆ ಹತ್ತೊಂಬತ್ತು. ಸ್ಪೈಕ್ಸ್ ಶೂಗೆ ದುಡ್ಡು ಕಳಿಸಿದ್ದೇನೆ. ಕಾಲಿನ ಅಳತೆ ನೋಡಿಯೇ ತೆಗೆದುಕೊಳ್ಳಲಿ, ಬೆಳೆಯುತ್ತಾಳೆ ಎಂದು ದೊಡ್ಡದು ತರುವುದು ಬೇಡ.

ಓಡಲಿ, ಬಿಡಲಿ, ನೋಡಲಿಕ್ಕೆ ಎಲ್ಲರೂ ಒಟ್ಟಿಗೆ ಹೋಗುವ. ಉಡುಪಿಯಲ್ಲಿ ರೈಲು ಹತ್ತಿದರೆ ನೇರ ಅಹಮದಾಬಾದ್. ಅಪ್ಪಯ್ಯನ ಮೊಣಕಾಲಿಗೆ ಕೆಳಗಿನ ಬರ್ತ್ ನಾನೇ ಮಾಡಿಸುತ್ತೇನೆ.

ಇಂತಿ,
ನಿಮ್ಮ ಮಗಳು