ಥಿಂಕ್ ಒಂದೇ, ಕನ್ನಡದಲ್ಲಿ ಹಲವು

ಮಾನ್ಯರೇ,

ಒಂಬತ್ತನೇ ಕ್ಲಾಸಿನ ನನ್ನ ಮಗಳು ಮೊನ್ನೆ ‘ಐ ಆಮ್ ಥಿಂಕಿಂಗ್ ಇಟ್ ಈಸ್ ರೈಟ್’ ಎಂದು ಬರೆದಿದ್ದಳು. ಟೀಚರ್ ಕೆಂಪು ಗೆರೆ ಎಳೆದರು, ಕಾರಣ ಹೇಳಲಿಲ್ಲ. ಕಾರಣ ಕನ್ನಡದಲ್ಲೇ ಸಿಗುತ್ತದೆ ಅಲ್ವಾ? ‘ಸರಿ ಅನಿಸುತ್ತದೆ’ ಎನ್ನುವ ಕಡೆ ಬರೀ ‘ಐ ಥಿಂಕ್’ ಸಾಕು. ಕೂತು ಯೋಚಿಸುತ್ತಿದ್ದರೆ ಮಾತ್ರ ‘ಥಿಂಕಿಂಗ್ ಅಬೌಟ್’. ಮನೆ ಮಾರೋಣವೇ, ಬೇಡವೇ ಎಂದು ತೂಗಿ ನೋಡುವಾಗ ‘ಕನ್ಸಿಡರ್’; ಅದರ ಜೊತೆ ‘ಅಬೌಟ್’ ಬರುವುದಿಲ್ಲ. (ನನ್ನ ರಜಾ ಅರ್ಜಿಗಳಲ್ಲೆಲ್ಲ ಅದು ಇರುತ್ತಿತ್ತು!) ‘ಇರಬಹುದೇನೋ’ ಅನ್ನುವುದಕ್ಕೆ ‘ಸಪೋಸ್’. ಅಮೆರಿಕದವರ ಬಾಯಲ್ಲಿ ‘ಗೆಸ್’ ಜಾಸ್ತಿ. ಸುಮ್ನೆ ಗೆರೆ ಎಳೆಯುವ ಬದಲು, ‘ಮೊದಲು ಕನ್ನಡದಲ್ಲಿ ಹೇಳು’ ಎಂದು ಟೀಚರುಗಳು ಮಕ್ಕಳನ್ನು ಕೇಳಲಿ.

– ಒಬ್ಬ ತಾಯಿ, ತಿಪಟೂರು